ಬೆರಳಗಲದ ಕಿಂಡಿ

ತ್ರಿವೇಣಿ ಮೊದಲು ಕಟ್ಟಿಸಿದ ಮನೆ ಬಂಡ್ರಿಯ ಉಜ್ಜಿನಪ್ಪನದು. ಎರಡು ಕೋಣೆ, ನಡುವೆ ಪಡಸಾಲೆ, ಹಿಂದೊಂದು ಅಡುಗೆಮನೆ, ಅಷ್ಟೇ. ಹುಬ್ಬಳ್ಳಿಯಲ್ಲಿ ಆರ್ಕಿಟೆಕ್ಚರ್ ಮುಗಿಸಿ ಬಂದು ಹೊಸಪೇಟೆಯ ಸ್ಟೇಷನ್ ರಸ್ತೆಯಲ್ಲಿ ಬಟ್ಟೆ ಅಂಗಡಿಯೊಂದರ ಮೇಲೆ ಬೋರ್ಡು ಹಾಕಿಕೊಂಡು ಕೂತ ಹುಡುಗಿಯ ಹತ್ತಿರ ಅರಮನೆ ಕಟ್ಟಿಸುವವರು ಯಾರು ಬರುತ್ತಾರೆ? ಆರ್ಕಿಟೆಕ್ಟ್ ಅಂದರೇನು ಅಂತಲೇ ಜನಕ್ಕೆ ಗೊತ್ತಿರಲಿಲ್ಲ. ಎಂಜಿನಿಯರಮ್ಮ ಅಂದರು, ಇವಳೂ ಹೂಂ ಅಂದಳು.

ಆದರೆ ಆ ಎರಡು ಕೋಣೆಗೆ ಅವಳು ತನ್ನ ವಿದ್ಯೆಯನ್ನೆಲ್ಲ ಸುರಿದಿದ್ದಳು. ಓದುವಾಗ ರಜೆಗೆ ತನ್ನೂರು ಕಂಪ್ಲಿಗೆ ಬಂದಾಗಲೆಲ್ಲ ಹಂಪಿಗೆ ಹೋಗಿ, ಸುಡುವ ಮಧ್ಯಾಹ್ನ ಕಮಲ ಮಹಲಿನ ಹತ್ತಿರ ಸುಳಿದಾಡಿ, ಹೊರಗೆ ಬಂಡೆ ಕಾದು ಕೆಂಡವಾಗಿದ್ದರೂ ಕಮಾನಿನ ಕೆಳಗೆ ತಣ್ಣಗೆ ಹೇಗಿರುತ್ತದೆ ಅಂತ ತಲೆ ಕೆಡಿಸಿಕೊಂಡವಳು ಅವಳು. ಬಂಡ್ರಿಯ ಮನೆಯ ಪಶ್ಚಿಮಕ್ಕೆ ಜೋಳದ ಹೊಲವಿತ್ತು, ಗಾಳಿ ಆ ಕಡೆಯಿಂದಲೇ ಬರುತ್ತಿತ್ತು. ಆ ಗೋಡೆಗೆ ನಾಲ್ಕು ದೊಡ್ಡ ಕಿಟಕಿ ಇಟ್ಟಳು. ಬೇಸಿಗೆ ಬಂತು. ಉಜ್ಜಿನಪ್ಪನ ಹೆಂಡತಿ ಉಚ್ಚೆಂಗಮ್ಮ ಶೇಂಗಾ ಹೋಳಿಗೆಯ ಗಂಟು ಹಿಡಿದು, ಬಸ್ಸು ಹತ್ತಿ ಹೊಸಪೇಟೆಗೇ ಬಂದಳು.

"ಯವ್ವಾ, ಫ್ಯಾನ್ ಇಲ್ದ ನಿದ್ದಿ ಬರ್ತೈತಿ! ಗಾಳಿ ಮನ್ಯಾಗ ಓಡ್ಯಾಡ್ತೈತಿ ನೋಡು. ನಿನ್ನ ಕೈ ತಣ್ಣಗಿರ್ಲಿ."

ಆ ಹೋಳಿಗೆ ತಿಂದ ದಿನ ತ್ರಿವೇಣಿಗೆ ಭೂಮಿಯ ಮೇಲೆ ಕಾಲು ನಿಲ್ಲಲಿಲ್ಲ.

ಮರುವರ್ಷವೇ ಮಣ್ಣಿಗೆ ಚಿನ್ನದ ಬೆಲೆ ಬಂತು. ಚೀನಾದವರು ಕಬ್ಬಿಣದ ಅದಿರು ಕೊಳ್ಳುತ್ತಾರಂತೆ ಅಂತ ಸುದ್ದಿ ಹಬ್ಬಿದ್ದೇ ತಡ, ಅಕ್ಕಿ ಮಾರುತ್ತಿದ್ದವರು, ಹತ್ತಿ ಮಾರುತ್ತಿದ್ದವರು, ಏನೂ ಮಾರದವರು, ಎಲ್ಲರೂ ಅದಿರಿಗೆ ಬಿದ್ದರು. ಸಂಡೂರಿನ ಗುಡ್ಡಗಳಿಂದ ಲಾರಿಗಳು ಸಾಲು ಹಿಡಿದು ಇಳಿದವು. ಕಂಪ್ಲಿಯಲ್ಲಿ ರೈಸ್ ಮಿಲ್ ಇಟ್ಟಿದ್ದ ಬಸವಕುಮಾರ್ ಎಂಬಾತ ಮಿಲ್ಲಿಗೆ ಬೀಗ ಹಾಕಿ ಅದಿರಿನ ಸಾವ್ಕಾರನಾದ. ಉಜ್ಜಿನಪ್ಪನ ಮನೆ ಪಕ್ಕದ ಜೋಳದ ಹೊಲವನ್ನು ಗುತ್ತಿಗೆಗೆ ಹಿಡಿದು, ಅಲ್ಲಿ ಗುಡ್ಡದಷ್ಟು ಅದಿರು ರಾಶಿ ಹಾಕಿಸಿದ.

ಆಷಾಢದ ಗಾಳಿ ಎದ್ದಿತು. ನಮ್ಮ ಸೀಮೆಯ ಆಷಾಢ ಗೊತ್ತಲ್ಲ? ಮಳೆ ನಾಲ್ಕು ಹನಿ, ಗಾಳಿ ಮಾತ್ರ ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮ. ಆ ಗಾಳಿ ರಾಶಿಯ ಮೇಲೆ ಹಾದು, ತ್ರಿವೇಣಿ ತೆರೆದಿಟ್ಟ ನಾಲ್ಕು ಕಿಟಕಿಗಳಿಂದ ಸೀದಾ ಮನೆಯೊಳಗೆ ನುಗ್ಗಿತು. ಹಾಸಿಗೆ ಕೆಂಪು, ಹಾಲು ಕೆಂಪು, ತಟ್ಟಿಟ್ಟ ರೊಟ್ಟಿ ಕೆಂಪು. ಉಜ್ಜಿನಪ್ಪನಿಗೆ ಕೆಮ್ಮು ಹತ್ತಿತು. ಉಚ್ಚೆಂಗಮ್ಮ ಒರೆಸಿದಳು, ಮತ್ತೆ ಒರೆಸಿದಳು, ಕೊನೆಗೆ ಕಿಟಕಿಗೆ ಗೋಣಿಚೀಲ ತುರುಕಿದಳು. ಗಾಳಿಯಾಡುತ್ತಿದ್ದ ಮನೆ ಕುಲುಮೆಯಾಯಿತು.

ತ್ರಿವೇಣಿ ಸುಮ್ಮನಿರುವ ಹುಡುಗಿಯಲ್ಲ. ಗಂಡ ಹೆಂಡತಿ ಇಬ್ಬರನ್ನೂ ಕರೆದುಕೊಂಡು ಅದಿರು ರಾಶಿ ಹಾಕಿದ್ದ ಯಾರ್ಡಿಗೆ ಹೋದಳು. ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು, ಸುತ್ತ ಹತ್ತಾರು ಜನರನ್ನು ನಿಲ್ಲಿಸಿಕೊಂಡು ಬಸವಕುಮಾರ್ ಕೂತಿದ್ದ.

"ಸಾವ್ಕಾರ್ರ, ರಾಶಿಗೆ ದಿನಾ ನೀರು ಹೊಡಸ್ರಿ. ಇಲ್ಲಾಂದ್ರ ಅಡ್ಡ ಒಂದು ಗ್ವಾಡಿ ಎಬ್ಬಸ್ರಿ. ಇವರು ಮನ್ಯಾಗ ಕುಂತು ಉಣ್ಣಂಗಿಲ್ಲ" ಅಂದಳು.

"ಈ ಮನಿ ಪ್ಲಾನ್ ಯಾರು ಹಾಕಿದ್ದು?"

"ನಾನು."

"ಪಡುವಲಕ್ಕ ನಾಕು ಕಿಟಕಿ ನೀನ ಇಟ್ಟು, ಈಗ ಧೂಳು ಬಂತು ಅಂತ ನನ್ನ ಕೇಳಾಕ ಬಂದಿ? ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ!" ಸುತ್ತ ನಿಂತವರು ಹಲ್ಲು ಕಿರಿದರು. "ಗಾಳಿ ನಂದಲ್ಲವ್ವ, ದೇವ್ರದು. ಕಿಟಕಿ ನಿಂದು. ಮುಚ್ಚಿಕೋ." ಆಮೇಲೆ ಉಜ್ಜಿನಪ್ಪನ ಕಡೆ ತಿರುಗಿ, ನೆಲದಿಂದ ಒಂದು ಚಿಟಿಕೆ ಕೆಂಪು ಮಣ್ಣು ತೆಗೆದು ಹಣೆಗೆ ಹಚ್ಚಿಕೊಂಡ. "ಇದು ಧೂಳಲ್ಲೋ ಮಾರಾಯ, ಲಕ್ಷ್ಮಿ. ಮನಿಗೆ ಬಂದ ಲಕ್ಷ್ಮೀನ ಬ್ಯಾಡ ಅಂತಾರೇನು?"

ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗಾಯಿತು. ಅದಾದರೂ ಹೋಗಲಿ ಅನ್ನಿ, ಸಾವ್ಕಾರನ ಬಾಯಿ, ಏನಾದರೂ ಆಡಿಕೊಳ್ಳಲಿ. ವಾಪಸ್ ಬರುವಾಗ ಉಜ್ಜಿನಪ್ಪ ಕೆಮ್ಮುತ್ತ, ನೆಲ ನೋಡುತ್ತ ಅಂದ ಮಾತಿದೆಯಲ್ಲ, ಅದು ನೆಟ್ಟಿತು.

"ಅವರು ಹೇಳೂದ್ರಾಗೂ ಖರೇ ಐತಿ ಬಿಡವ್ವ. ಆ ಕಿಟಕಿ ಇಡಬಾರದಿತ್ತು."

ಬಂಡ್ರಿಯಲ್ಲಿ 'ಎಂಜಿನಿಯರಮ್ಮನ ಕಿಟಕಿ' ಅನ್ನುವುದು ನಗೆಮಾತಾಯಿತು. ಯಾರಾದರೂ ತಾವೇ ತಮ್ಮ ಮೈಮೇಲೆ ಪೀಡೆ ಎಳೆದುಕೊಂಡರೆ, ಅಗೋ ಎಂಜಿನಿಯರಮ್ಮನ ಕಿಟಕಿ ಇಟ್ಟ ಅನ್ನುತ್ತಿದ್ದರು. ಆ ದಿನ ಹೊಸಪೇಟೆಯ ಬಸ್ಸಿನಲ್ಲಿ ತ್ರಿವೇಣಿ ಹಲ್ಲು ಕಚ್ಚಿ ಕೂತಿದ್ದಳು. ಅಳಲಿಲ್ಲ. ನಿನಗೂ ಒಂದು ಮನೆ ಕಟ್ಟಿಕೊಡುತ್ತೇನೆ ಮಗನೇ, ಅಂತ ಮಾತ್ರ ಮನಸ್ಸಿನಲ್ಲೇ ಅಂದುಕೊಂಡಳು.

ಆಮೇಲೆ ಕೆಲಸ ಬಂತು. ಮೆಟ್ರಿಯಲ್ಲಿ ತಾಯಪ್ಪ ಎಂಬ ರೈತ, ಭತ್ತ ತುಂಬುವ ಕೋಣೆಗಳಿದ್ದ ದೊಡ್ಡ ಮನೆ ಕಟ್ಟಿಸಿದ. ಅದನ್ನು ನೋಡಿ ಕಂಪ್ಲಿಯವರು ಬಂದರು. ಲಾರಿ ಮಾಲೀಕರು ಬಂದರು. ಅವರಿಗೆ ಕಂಬಗಳ ಬಂಗಲೆಯೇ ಆಗಬೇಕು, ಕಂಬದ ಕೆಳಗೆ ಆನೆ ಇರಬೇಕು, ಆನೆಯ ಸೊಂಡಿಲು ಮೇಲಕ್ಕಿರಬೇಕು. ಎಲ್ಲವನ್ನೂ ಬರೆದುಕೊಟ್ಟಳು. ಆದರೆ ಒಂದು ಮನೆಗೂ ಪಶ್ಚಿಮಕ್ಕೆ ಬೆಂಕಿಪೊಟ್ಟಣದಷ್ಟು ಕಿಂಡಿಯನ್ನೂ ಇಡಲಿಲ್ಲ. ಅಲ್ಲಿ ಗೆರೆ ಎಳೆಯಲು ಹೋದರೆ ಕೈ ನಿಂತುಬಿಡುತ್ತಿತ್ತು.

ಮೂರು ವರ್ಷ ಕಳೆದಿರಬೇಕು. ಒಂದು ದಿನ ಬಟ್ಟೆ ಅಂಗಡಿಯ ಮುಂದೆ ಬಸ್ಸಿನಷ್ಟು ದೊಡ್ಡ ಬಿಳಿ ಕಾರು ನಿಂತಿತು. ಮೆಟ್ಟಿಲು ಹತ್ತಿ ಬಂದವನು ಬಸವಕುಮಾರ್. ಹಿಂದೆ ವಾಸ್ತು ಹೇಳುವ ಕೊಟ್ರಯ್ಯ.

"ನಮಸ್ಕಾರ್ರಿ ಮೇಡಂ. ಭಾಳ ಕೇಳೀನಿ ನಿಮ್ಮ ಹೆಸರು" ಅಂದ.

ತ್ರಿವೇಣಿ ಅವನ ಮುಖ ನೋಡಿದಳು. ಅವನಿಗೆ ನೆನಪೇ ಇರಲಿಲ್ಲ! ಇವಳು ಮೂರು ವರ್ಷ ಅವನ ಮಾತನ್ನು ಅಡಕೆಯ ಹಾಗೆ ಅಗಿದು ಅಗಿದು ಇಟ್ಟುಕೊಂಡಿದ್ದರೆ, ಆ ಪುಣ್ಯಾತ್ಮ ಉಗಿದು ಮುಂದೆ ಹೋಗಿದ್ದ.

"ಕುಂದ್ರಿ ಸಾವ್ಕಾರ್ರ" ಅಂದಳು, ನಗುನಗುತ್ತಾ. "ಚಾ ತರಿಸ್ಲಿ?"

ಹೊಸಪೇಟೆಯಲ್ಲಿ ಯಾರೂ ಕಟ್ಟಿಸಿರದಂಥ ಟವರ್ ಬೇಕಂತೆ. ಒಂಬತ್ತು ಅಂತಸ್ತು. ಕೆಳಗೆ ಅಂಗಡಿ, ನಡುವೆ ಲಾಡ್ಜು, ಮೇಲೆ ಆಫೀಸು, ತುದಿಯಲ್ಲಿ ತನ್ನ ಮನೆ. ಜಾಗ ಊರ ಹೊರಗೆ, ರೈಲಿಗೆ ಅದಿರು ತುಂಬುವ ಅವನದೇ ಯಾರ್ಡಿನ ಪಕ್ಕ. ಯಾರ್ಡು ಪಶ್ಚಿಮಕ್ಕೆ.

"ಒಂದೊಂದು ಮಹಡಿಯಿಂದನೂ ನನ್ನ ರಾಶಿ ಕಾಣಬೇಕು. ಬಂದೋರು ನೋಡಬೇಕು, ಇವ ಯಾರು ಅಂತ."

ಕೊಟ್ರಯ್ಯ ಗಂಟಲು ಸರಿಮಾಡಿಕೊಂಡ. "ಪಡುವಲಕ್ಕ ಅಷ್ಟು ಬಿಚ್ಚಬಾರದ್ರಿ. ಶಾಸ್ತ್ರದಾಗ..."

"ನನ್ನ ಲಕ್ಷ್ಮಿ ಇರೋದ ಪಡುವಲಕ್ಕ ಐತ್ಯೋ ಕೊಟ್ರಯ್ಯ! ಆಕಿಗೆ ಬಾಗಲಾ ಹಾಕು ಅಂತೀಯೇನು?"

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ಕೊಟ್ರಯ್ಯ. ಈಶಾನ್ಯದಲ್ಲಿ ಒಂದು ನೀರಿನ ತೊಟ್ಟಿ ಮಾಡಿಸಿದರೆ ದೋಷ ಕಳೆಯುತ್ತದೆ ಅಂದುಬಿಟ್ಟ.

ಆ ಹೊತ್ತಿನಲ್ಲಿ ತ್ರಿವೇಣಿ ಒಂದು ಮಾತು ಆಡಬಹುದಿತ್ತು. ಅವಳ ಕಸುಬಿನವರು ಆಡಲೇಬೇಕಾದ ಮಾತು ಅದು. ಆಡಲಿಲ್ಲ. ಅಷ್ಟೇ ಅಲ್ಲ, ಸಾವ್ಕಾರ ಎಲ್ಲ ಕಡೆ ಗಾಜು ಹಾಕಿಸಿ ಎ.ಸಿ. ಇಡಿಸೋಣ ಅಂದಾಗ ಇವಳೇ ತಲೆಯಾಡಿಸಿದಳು.

"ಗಾಜು ಬಳ್ಳಾರ್ಯಾಗ ಯಾರ ಬೇಕಾದ್ರೂ ಹಾಕಸ್ತಾರ್ರಿ. ನಿಮ್ಮದು ಅರಮನಿ ಆಗಬೇಕು. ಹಂಪ್ಯಾಗ ಕಮಲ ಮಹಲ್ ಐತಲ್ರಿ, ಹಂಗ. ಪಡುವಲ ಗ್ವಾಡಿ ಪೂರ್ತಿ ಬಿಳೇ ಕಲ್ಲಿನ ಜಾಲಿ, ಬರೇ ಕಿಂಡಿ ಕಿಂಡಿ. ನಡುವ ತಳದಿಂದ ತುದೀತನ ಬಾವಿ ಹಂಗ ಬಯಲು. ಗಾಳಿ ತಾನ ಓಡ್ಯಾಡ್ತೈತಿ."

"ಬಿಳೇದು!" ಬಸವಕುಮಾರನ ಕಣ್ಣು ಅರಳಿತು. "ಮಸ್ತ್ ಐತ್ರಿ. ಬಿಳೇದ ಮಾಡ್ರಿ, ಎಲ್ಲಾ ಬಿಳೇದು."

ಡ್ರಾಯಿಂಗ್ ತಯಾರಾಯಿತು. ಅವಳ ಜೊತೆ ಕೆಲಸ ಮಾಡುತ್ತಿದ್ದ ಸೈಟ್ ಎಂಜಿನಿಯರ್ ಹಂಪೇಶ್ ಅದನ್ನು ಮೇಜಿನ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದ.

"ಮೇಡಂ, ಆಷಾಢದಾಗ ಇಲ್ಲಿ ಏನಾಗ್ತೈತಿ ಗೊತ್ತಲ್ರಿ?"

"ಗೊತ್ತು."

"ಸಾವ್ಕಾರ್ರಿಗೆ ಹೇಳಬೇಕಲ್ರಿ?"

"ಕೇಳಿದ್ರ ಹೇಳೋಣು."

ಹಂಪೇಶ್ ಪೆನ್ಸಿಲ್ಲಿನಿಂದ ಕಿವಿಯ ಹಿಂದೆ ಕೆರೆದುಕೊಂಡ. "ಜಾಲಿ ಕಿಂಡಿ ಎಷ್ಟು ಅಗಲ ಇಡ್ಲಿ?"

ತ್ರಿವೇಣಿ ತನ್ನ ತೋರುಬೆರಳು ಎತ್ತಿ ತೋರಿಸಿದಳು. "ಇಷ್ಟು."

"ಬ್ರಷ್ ಹೋಗಂಗಿಲ್ರಿ. ಪೈಪ್ ಹಿಡಿದ್ರ ಕೆಂಪು ನೀರು ಇಳಿದು ಬಿಳೇ ಕಲ್ಲಿಗೆ ಕಲಿ ಕುಂದರ್ತೈತಿ. ಮತ್ತ ಸ್ವಚ್ಛ ಮಾಡೂದು ಹೆಂಗ?"

"ಅದನ್ನ ಮಾಡೋರು ನೋಡ್ಕೊಳ್ತಾರ."

ಹಂಪೇಶ್ ಡ್ರಾಯಿಂಗ್ ಸುತ್ತಿಟ್ಟ. ತ್ರಿವೇಣಿ ಆ ಜಾಲಿಯ ಒಂದೊಂದು ಕಿಂಡಿಯನ್ನೂ ತಾನೇ ಕೂತು ಬರೆದಳು. ಬಂಡ್ರಿಯ ನಾಲ್ಕು ಕಿಟಕಿಗಳ ಉದ್ದಗಲದ ಲೆಕ್ಕವನ್ನೇ ಹಿಗ್ಗಿಸಿ ಆ ಗೋಡೆಯನ್ನು ಎಬ್ಬಿಸಿದ್ದಳು. ಅಷ್ಟು ಪ್ರೀತಿಯಿಂದ ಅವಳು ಇನ್ಯಾವ ಗೋಡೆಯನ್ನೂ ಬರೆದಿರಲಿಲ್ಲ, ದ್ವೇಷಕ್ಕೂ ಶ್ರದ್ಧೆ ಬೇಕು ನೋಡಿ.

ಎರಡು ಆಷಾಢ ಕಟ್ಟುವುದರಲ್ಲೇ ಕಳೆಯಿತು. ಧೂಳು ಬಂದರೂ ಕಟ್ಟುವ ಜಾಗ ಅಂದಮೇಲೆ ಧೂಳು ಇರುವುದೇ ಅಂದುಕೊಂಡರು. ವೈಶಾಖದಲ್ಲಿ ಗೃಹಪ್ರವೇಶ. ಆಷಾಢದಲ್ಲಿ ನಮ್ಮ ಕಡೆ ಯಾರೂ ಹೊಸಮನೆ ಹೊಗುವುದಿಲ್ಲವಲ್ಲ, ಹಾಗಾಗಿ ಗಾಳಿಯ ತಿಂಗಳಲ್ಲಿ ಹೊಸ ಮನೆ ಹೇಗಿರುತ್ತದೆ ಅಂತ ಒಳಹೊಕ್ಕು ನೋಡಿದವರೇ ಇರುವುದಿಲ್ಲ. ವೈಶಾಖದ ಎಳೆಗಾಳಿ ಜಾಲಿಯಿಂದ ತೂರಿ ಬಂದು ಹೆಂಗಸರ ರೇಷ್ಮೆ ಸೆರಗು ಆಡಿಸಿತು. ಬಂದವರೆಲ್ಲ ಆಹಾ ಅಂದರು. ಬಸವಕುಮಾರ್ ತ್ರಿವೇಣಿಗೆ ಶಾಲು ಹೊದಿಸಿ ಸನ್ಮಾನ ಮಾಡಿದ. ಅವಳು ತಲೆ ಬಗ್ಗಿಸಿ ಹೊದ್ದುಕೊಂಡಳು, ಶಾಲಿನೊಳಗೆ ನಗುತ್ತಿದ್ದಳು.

ಆಷಾಢ ಬಂತು.

ಮೊದಲು ಜಾಲಿಯ ಅಂಚು ಕೆಂಪಾಯಿತು. ಆಮೇಲೆ ನೆಲ, ಹಾಸಿಗೆ, ಬಚ್ಚಲು. ನಡುವಿನ ಬಯಲು ಅದಿರನ್ನು ತಳದಿಂದ ಎಳೆದು ಒಂಬತ್ತನೇ ಮಹಡಿಯವರೆಗೆ ಹಂಚಿತು. ಲಾಡ್ಜಿನಲ್ಲಿ ಇಳಿದಿದ್ದ ತೋರಣಗಲ್ಲಿನ ಕಂಪನಿ ಸಾಹೇಬರು ಬಿಳಿ ಅಂಗಿ ಹಾಕಿಕೊಂಡು ಮಲಗಿ ಕೆಂಪು ಅಂಗಿಯಲ್ಲಿ ಎದ್ದರಂತೆ. ಸಂಜೆ ದೀಪ ಹಚ್ಚಿದ ಮೇಲೆ ಕಸ ಹೊಡೆದರೆ ಲಕ್ಷ್ಮಿ ಹೊರಟುಹೋಗುತ್ತಾಳಲ್ಲ, ಸಾವ್ಕಾರನ ಮನೆಯಲ್ಲಿ ಆ ನಿಯಮ ಬಲು ಬಿಗಿ. ಸಂಜೆಯಿಂದ ಬಿದ್ದದ್ದು ಬೆಳಗಿನವರೆಗೆ ಹಾಗೇ ಬಿದ್ದಿರುತ್ತಿತ್ತು. ಊರಿನವರು ಅದನ್ನು 'ಕೆಂಪು ಟವರ್' ಅಂತ ಕರೆಯತೊಡಗಿದರು.

ಬಸವಕುಮಾರ್ ಉರಿದುಕೊಂಡು ಬಂದ. "ಏನ್ರಿ ಇದು? ಉಣ್ಣಾಕ ಕುಂತ್ರ ಅನ್ನದಾಗ ಮಣ್ಣು! ಎಂಥಾ ಮನಿ ಕಟ್ಟೀರಿ?"

ತ್ರಿವೇಣಿ ಈ ಗಳಿಗೆಯನ್ನು ಎಷ್ಟು ಸಲ ಕನಸಿದ್ದಳೋ. ಕುರ್ಚಿಗೆ ಒರಗಿ, ನಿಧಾನವಾಗಿ, ಒಂದಕ್ಷರವೂ ಬಿಡದೆ ಹೇಳಿದಳು.

"ಗಾಳಿ ನಂದಲ್ರಿ ಸಾವ್ಕಾರ್ರ, ದೇವ್ರದು. ಕಿಟಕಿ ನಿಮ್ಮವು. ಮುಚ್ಚಿಕೊಳ್ರಿ. ಮತ್ತ ಅದು ಧೂಳಲ್ರಿ, ಲಕ್ಷ್ಮಿ. ಮನಿಗೆ ಬಂದಾಕಿನ್ನ ಬ್ಯಾಡ ಅಂತಾರೇನು?"

ಅವನ ಮುಖದಲ್ಲಿ ಗುರುತು ಹತ್ತುವುದನ್ನೇ ಕಾದಳು. ಅವನು ಸುಮ್ಮನೆ ಪಿಳಿಪಿಳಿ ನೋಡಿದ.

"ಬಂಡ್ರಿ ಉಜ್ಜಿನಪ್ಪನ ಮನಿ ಮರತ್ರೇನ್ರಿ?"

"ಯಾವ ಉಜ್ಜಿನಪ್ಪ?" ಅಂದ. "ತಲಿ ಗಿಲಿ ಕೆಟ್ಟೈತೇನ್ ನಿಮಗ?" ಅನ್ನುತ್ತ ಮೆಟ್ಟಿಲು ಇಳಿದ.

ಹಾಳಾದವನು ಏಟು ತಿಂದ, ಯಾರ ಕೈಯ ಏಟು ಅಂತ ಮಾತ್ರ ತಿಳಿದುಕೊಳ್ಳಲಿಲ್ಲ. ಅಷ್ಟು ಸಿಟ್ಟು ಅವಳಲ್ಲಿ ಉಳಿದುಹೋಯಿತು. ಆದರೂ ಹೊಟ್ಟೆ ತಣ್ಣಗಾಗಿತ್ತು. ಮಾಡಿದ್ದುಣ್ಣೋ ಮಹರಾಯ ಅಂತ ಹಾಡಿಕೊಂಡೇ ಓಡಾಡಿದಳು. ಒಂದು ಮಧ್ಯಾಹ್ನ, ತನ್ನ ಕೈಕೆಲಸವನ್ನು ಕಣ್ಣಾರೆ ನೋಡಿ ಬರಬೇಕೆನಿಸಿತು. ಆಟೊ ಹಿಡಿದು ಟವರಿಗೆ ಹೋದಳು.

ದೂರದಿಂದಲೇ ಕಂಡಿತು. ತಾನು ಹಾಲಿನ ಬಣ್ಣ ಬಳಿಸಿದ್ದ ಕಟ್ಟಡ ಮುಟ್ಟಿದರೆ ಕೈಗೆ ಹತ್ತುವಂತೆ ಕೆಂಪಾಗಿತ್ತು. ಒಳಗೆ ಅರ್ಧ ಅಂಗಡಿಗಳಿಗೆ ಬೀಗ. ಕಾವಲಿನವನು ಗುರುತು ಹಿಡಿದು ಸಲಾಮು ಹೊಡೆದ.

"ಸಾವ್ಕಾರ್ರು ಮ್ಯಾಲದಾರೇನು?"

"ಎಲ್ಲಿ ಮೇಡಂ? ಮನಿಮಂದಿನ್ನೆಲ್ಲಾ ಕರ್ಕೊಂಡು ಬೆಂಗಳೂರಿಗೆ ಹೋದ್ರು. ಅಲ್ಲೂ ಮನಿ ಐತಲ್ರಿ ಅವ್ರದು. ಶ್ರಾವಣ ಬಂದ್ಮ್ಯಾಲೆ ಬರ್ತಾರ. ಅಷ್ಟೊತ್ತಿಗೆ ಎಲ್ಲಾ ಬಿಳೇದಾಗಬೇಕು ಅಂತ ಹೇಳಿ ಹೋಗ್ಯಾರ."

ಲಿಫ್ಟು ಕೆಟ್ಟಿತ್ತು, ಅದರ ಬಾಯಿಯಲ್ಲೂ ಧೂಳು. ಮೆಟ್ಟಿಲು ಹತ್ತಿದಳು. ನಾಲ್ಕನೇ ಮಹಡಿಯಲ್ಲಿ ಜಾಲಿಯ ಮುಂದೆ ಒಬ್ಬ ಹೆಂಗಸು ಕುಕ್ಕರುಗಾಲಲ್ಲಿ ಕೂತಿದ್ದಳು. ಪಕ್ಕದಲ್ಲಿ ಬಕೆಟ್ಟು, ಬಾಯಿಗೆ ಸೆರಗಿನ ತುದಿ. ತೋರುಬೆರಳಿಗೆ ಒದ್ದೆ ಬಟ್ಟೆ ಸುತ್ತಿಕೊಂಡು, ಒಂದು ಕಿಂಡಿಗೆ ತೂರಿಸಿ, ತಿರುವಿ, ತೆಗೆದು, ಬಟ್ಟೆ ಮಗುಚಿ ಇನ್ನೊಂದು ಕಿಂಡಿಗೆ ತೂರಿಸುತ್ತಿದ್ದಳು. ಗೋಡೆಯ ತುಂಬ ಕಿಂಡಿಗಳೇ. ಹೆಜ್ಜೆಯ ಸದ್ದಿಗೆ ತಿರುಗಿದಳು.

ಉಚ್ಚೆಂಗಮ್ಮ.

"ಯಾರು, ತ್ರಿವೇಣಮ್ಮನಾ?" ಸೆರಗು ಬಾಯಿಂದ ತೆಗೆದಳು. "ನೀನ ಕಟ್ಟಿಸಿದ್ದಂತ ಇದು. ವಾಚ್‌ಮನ್ ಹೇಳಿದ."

ತ್ರಿವೇಣಿ ಎರಡು ಹೆಜ್ಜೆ ಮುಂದೆ ಬಂದಳು. "ನೀವಿಲ್ಲಿ ಹೆಂಗ? ಬಂಡ್ರಿ ಮನಿ?"

"ಆ ಮನ್ಯಾಗ ಇರಾಕ ಎಲ್ಲಿ ಆಕ್ಕೈತಿ? ಕಿಟಕಿಗೆ ಇಟ್ಟಂಗಿ ಕಟ್ಟಿಸಿದ್ವಿ, ಕತ್ಲಿ ಆತು. ಇವರಿಗೆ ಉಸರಾಡಾಕ ಆಗವಲ್ದು. ದವಾಖಾನಿ ಹತ್ರ ಇರ್ಲಿ ಅಂತ ಇಲ್ಲೇ ಒಂದು ಖೋಲಿ ಹಿಡದೀವಿ. ಧೂಳ ಒರಸಾಕ ಮಂದಿ ಬೇಕಾಗ್ಯಾರ ಅಂದ್ರು, ಬಂದೆ. ನನಗ ರೂಢಿ ಐತಲ್ಲ."

ಅವಳು ಬೆರಳಿನ ಬಟ್ಟೆ ಬಿಚ್ಚಿ ನೀರಿಗೆ ಅದ್ದಿದಳು. ಬೆರಳಿನ ಎರಡೂ ಮಗ್ಗುಲು ಚರ್ಮ ಸುಲಿದಿತ್ತು, ಗೆಣ್ಣು ಬಾತಿತ್ತು.

"ಒಂದು ಕೇಳ್ಲೇನವ್ವ? ಇವನ್ನ ಇಷ್ಟು ಸಣ್ಣವು ಯಾಕಿಟ್ಟಿ? ಇನ್ನೊಂದೀಟು ದೊಡ್ಡವು ಇಟ್ಟಿದ್ರ ಕೈ ಹೊಕ್ಕಿತ್ತು. ಬೆರಳೊಂದ ಹೋಗ್ತೈತಿ."

ಮೂರು ವರ್ಷ ಮಸೆದು ಹರಿತ ಮಾಡಿಕೊಂಡ ಸೇಡು ಅದು. ತ್ರಿವೇಣಿ ಅದನ್ನು ತನ್ನ ಬೆರಳಿನಿಂದಲೇ ಅಳೆದುಕೊಟ್ಟಿದ್ದಳು. ಈಗ ಅವಳ ಕಣ್ಣಿಗೆ ಬಸವಕುಮಾರ್ ಕಾಣಲಿಲ್ಲ, ಆ ಸುಲಿದ ಬೆರಳು ಕಂಡಿತು. ಆದರೂ ಸೇಡು ಸುಮ್ಮನೆ ಸಾಯುವುದಿಲ್ಲವಲ್ಲ, ಒಳಗೇ ಎಗರಾಡಿತು.

"ಅವಗ ಬುದ್ಧಿ ಬರ್ಲಿ ಅಂತ ಇಟ್ಟೆ" ಅಂದುಬಿಟ್ಟಳು. "ಬೇಕಂತನ ಇಟ್ಟೆ. ಅವತ್ತು ಯಾರ್ಡಿನ್ಯಾಗ ನಮ್ಮನ್ನ ನೋಡಿ ಹೆಂಗ ನಕ್ಕ, ನೆನಪೈತಲ್ಲ? ಅವನೂ ಮಣ್ಣು ತಿನ್ಲಿ ಅಂತ. ನಿಮ್ಮ ಸಲುವಾಗಿ ಮಾಡೀನಿ ಉಚ್ಚೆಂಗಮ್ಮ, ನಿಮ್ಮ ಸಲುವಾಗಿ!"

ಉಚ್ಚೆಂಗಮ್ಮ ಅವಳನ್ನೇ ನೋಡಿದಳು. ಆಮೇಲೆ ಮಹಡಿಯ ಆ ತುದಿಯಿಂದ ಈ ತುದಿಯವರೆಗೆ, ಯಾರಾದರೂ ಇದ್ದಾರೇನೋ ಎಂಬಂತೆ, ಸಾವಕಾಶ ಕಣ್ಣಾಡಿಸಿದಳು. ಗಾಳಿ ಜಾಲಿಯಿಂದ ಬರುತ್ತಲೇ ಇತ್ತು. ಈಗಷ್ಟೇ ಒರೆಸಿದ ಕಿಂಡಿಗಳ ತುಟಿ ಆಗಲೇ ಕೆಂಪೇರುತ್ತಿತ್ತು.

"ಅವ ಎಲ್ಲದಾನವ್ವ ಇಲ್ಲಿ?" ಅಂದಳು. "ಎರಡು ಮನಿ ಕಟ್ಟೀದಿ. ಎರಡೂ ನಾನ ಒರಸಾಕ ಹತ್ತೀನಿ."

ಉಚ್ಚೆಂಗಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಹಳೇ ಪಂಚೆಯ ತುಂಡನ್ನು ತೆಗೆದು, ಹಲ್ಲಿನಲ್ಲಿ ಕಚ್ಚಿ ಎರಡಾಗಿ ಹರಿದು, ಒಂದು ಚೂರನ್ನು ಅವಳ ಮುಂದೆ ಹಿಡಿದಳು.

"ನನ್ನ ಸಲುವಾಗಿ ಮಾಡಿದ್ರ, ತಗೋ. ಆ ಕಡಿಂದ ನೀ ಹಿಡಿ. ದೀಪ ಹಚ್ಚೂದ್ರಾಗ ಈ ಗ್ವಾಡಿ ಮುಗೀಬೇಕು."

ತ್ರಿವೇಣಿ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡು ಗೋಡೆಯ ಆ ತುದಿಗೆ ಹೋಗಿ ಕೂತಳು. ಮೊದಲ ಕಿಂಡಿಗೆ ಬೆರಳು ತೂರಿಸಿದಳು. ಅಳತೆ ಸರಿಯಾಗಿತ್ತು.